ದಾನದ ಹಣ ಮೊದಲ ಮಾರಾಟಕ್ಕೇ ಕರಗದಂತೆ ಮನೆ ಕೊಡಿಸುವುದು ಹೇಗೆ?

ಪ್ರಶ್ನೆ – ಹೊಸಿಲು

ನಮ್ಮದು ದೇಣಿಗೆಯಿಂದ ನಡೆಯುವ ಚಿಕ್ಕ ಟ್ರಸ್ಟ್. ತಿಂಗಳ ಕಂತು ಕಟ್ಟುವ ಶಕ್ತಿಯಿದ್ದೂ ಮುಂಗಡ ಹೊಂದಿಸಲಾಗದೆ ಬಾಡಿಗೆಯಲ್ಲೇ ಉಳಿದಿರುವ ಸ್ಥಳೀಯ ಕುಟುಂಬಗಳಿಗೆ ಸ್ವಂತ ಮನೆ ಆಗಬೇಕು ಅನ್ನೋದು ಉದ್ದೇಶ. ಮನೆ ಬೆಲೆಯ ಶೇ. 30ನ್ನು ನಗದಾಗಿ ಕೊಟ್ಟುಬಿಡೋಣ ಅಂತ ಕೆಲವರು. ಐದು ವರ್ಷಕ್ಕೆ ಮಾರಿಕೊಂಡು ಹೋದರೆ ಏನು ಗತಿ ಅಂತ ಉಳಿದವರು. ಇದಕ್ಕೆ ಕಟ್ಟು ಹಾಕುವುದು ಹೇಗೆ? ಶ್ರಮದಾನದಿಂದ ಕಟ್ಟಿಸಿದರೆ ಖರ್ಚು ನಿಜಕ್ಕೂ ಇಳಿಯುತ್ತದೆಯೇ?

ಉತ್ತರ 1 – ನೆಲಗಟ್ಟು

ನಗದು ಬೇಡ. ಆ ಹಣದಲ್ಲಿ ನೆಲ ಕೊಳ್ಳಿ. ನೆಲ ಟ್ರಸ್ಟಿನ ಹೆಸರಲ್ಲೇ ಇರಲಿ. ಕುಟುಂಬ ಕಟ್ಟಡವನ್ನಷ್ಟೇ ಕೊಳ್ಳುತ್ತದೆ. ನೆಲಕ್ಕೆ 99 ವರ್ಷದ ಗುತ್ತಿಗೆ, ನಾಮಮಾತ್ರದ ಬಾಡಿಗೆ. ಇದನ್ನು ಸಮುದಾಯ ಭೂ ಟ್ರಸ್ಟ್ ಅನ್ನುತ್ತಾರೆ. ಅಮೆರಿಕದ ಜಾರ್ಜಿಯಾದಲ್ಲಿ 1969ರಲ್ಲಿ ಹುಟ್ಟಿದ ನ್ಯೂ ಕಮ್ಯುನಿಟೀಸ್ ಇದರ ಮೊದಲ ಮಾದರಿ. ಅದನ್ನು ಕಟ್ಟಿದವರು ಕಣ್ಣೆದುರು ಇಟ್ಟುಕೊಂಡ ಆದರ್ಶಗಳಲ್ಲಿ ಊರಿನ ನೆಲವನ್ನು ಊರಿನ ಒಡೆತನಕ್ಕೇ ಬಿಡುವ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು.

ಲೆಕ್ಕ ನೋಡಿ. ಮಾರುಕಟ್ಟೆ ಬೆಲೆ 100 ಪಾಲು ಅಂತಿಟ್ಟುಕೊಳ್ಳಿ. ನೆಲದ 30 ನಿಮ್ಮದು, ಕುಟುಂಬಕ್ಕೆ ಬೀಳುವುದು 70. ಹತ್ತು ವರ್ಷದಲ್ಲಿ ಬೆಲೆ 150 ಆಯಿತು. ಏರಿದ್ದು 50, ಅದರಲ್ಲಿ ಶೇ. 25 ಕುಟುಂಬಕ್ಕೆ ಅಂತ ಕರಾರಿದ್ದರೆ ಅವರು 82.5ಕ್ಕೆ ಮಾರಬೇಕು. ಅಷ್ಟರಲ್ಲಿ ತೀರಿಸಿದ ಸಾಲದ ಅಸಲೂ ಅವರ ಕೈಗೇ ಬರುತ್ತದೆ, ಹಾಗಾಗಿ ಬರಿಗೈಯಲ್ಲಿ ಹೋಗುವುದಿಲ್ಲ. ಮುಂದಿನ ಕುಟುಂಬಕ್ಕೆ 150ರ ಮನೆ 82.5ಕ್ಕೆ ಸಿಗುತ್ತದೆ, ನೀವು ಹೊಸದಾಗಿ ಬಿಡಿಗಾಸು ಹಾಕದೆ.

ಎಡವುವುದು ಎರಡು ಕಡೆ. ಒಂದು, ಸಾಲ ಕೊಡುವವರು. ಗುತ್ತಿಗೆ ನೆಲದ ಮೇಲಿನ ಮನೆ ಅಂದರೆ ಹಿಂಜರಿಯುತ್ತಾರೆ. ಕರಡು ಬರೆಯುವ ಮೊದಲೇ ಅವರೊಡನೆ ಕೂತು, ಕಂತು ತಪ್ಪಿದರೆ ಮೊದಲ ನೋಟಿಸ್ ಟ್ರಸ್ಟಿಗೂ ಬರಬೇಕು, ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳಲು ಅಥವಾ ಕೊಳ್ಳಲು ಟ್ರಸ್ಟಿಗೆ ಗಡುವು ಸಿಗಬೇಕು ಎಂಬ ಷರತ್ತು ಸೇರಿಸಿ. ಇದಿಲ್ಲದಿದ್ದರೆ ಹರಾಜಿನ ದಿನ ಎಲ್ಲ ಕಟ್ಟುಪಾಡೂ ಹೋದಂತೆ. ಎರಡು, ಟ್ರಸ್ಟಿನ ನೆಲವನ್ನೇ ಬೇರೆ ಸಾಲಕ್ಕೆ ಅಡವಿಡುವುದು. ನ್ಯೂ ಕಮ್ಯುನಿಟೀಸ್ ಬರಗಾಲಕ್ಕೂ ಸಾಲಕ್ಕೂ ಸಿಕ್ಕಿ 1985ರಲ್ಲಿ ತನ್ನ ಜಮೀನನ್ನೇ ಕಳೆದುಕೊಂಡಿತು.

ಉತ್ತರ 2 – ಜಮಾಖರ್ಚು

ಮೇಲಿನದು ಸರಿ, ಆದರೆ ಗುತ್ತಿಗೆ ನೋಡಿಕೊಳ್ಳಲು 99 ವರ್ಷ ಬಾಳುವ ಸಂಸ್ಥೆ ಬೇಕು. ಎರಡು ಮೂರು ಮನೆಗೆ ಅಷ್ಟೆಲ್ಲ ಭಾರ. ಚಿಕ್ಕ ನಿಧಿಗೆ ಎರಡನೇ ಅಡಮಾನ ಸಾಕು: ಬ್ಯಾಂಕಿನದು ಮೊದಲ ಹಕ್ಕು, ಟ್ರಸ್ಟಿನದು ಎರಡನೆಯದು. ಬಡ್ಡಿಯಿಲ್ಲ, ಕಂತಿಲ್ಲ, ಮಾರಿದ ದಿನ ವಾಪಸ್.

ಬಹಳ ಟ್ರಸ್ಟುಗಳು ಎಡವುವುದು ಇಲ್ಲಿ: ಕೊಟ್ಟ ಮೊತ್ತವನ್ನಷ್ಟೇ ವಾಪಸ್ ಬರೆಸಿಕೊಳ್ಳುತ್ತವೆ. 100ರ ಮನೆಗೆ 30 ಕೊಟ್ಟಿರಿ. 150 ಆದಾಗ ಅದೇ 30 ಬಂದರೆ, ಅದು ಮುಂದಿನ ಮನೆಯ ಶೇ. 20 ಮಾತ್ರ. ಮೊತ್ತ ಬೇಡ, ಪಾಲು ಬರೆಸಿ. ಮಾರಾಟ ಬೆಲೆಯ ಶೇ. 30 ಅಂದರೆ 45 ಬರುತ್ತದೆ, ಅದೇ ಅಳತೆಯ ಮನೆಗೆ ಮತ್ತೆ ಸಾಕಾಗುತ್ತದೆ. ಮನೆಯವರು ಸ್ವಂತ ಖರ್ಚಿನಲ್ಲಿ ಕಟ್ಟಿದ ಹೆಚ್ಚುವರಿ ಕೋಣೆಯ ಬೆಲೆಯನ್ನು ಮೊದಲು ಕಳೆಯಿರಿ, ಇಲ್ಲದಿದ್ದರೆ ಯಾರೂ ಮನೆಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಪತ್ರ ನೋಂದಣಿ ಆಗಲೇಬೇಕು. ಬಾಯಿಮಾತನ್ನೂ ಬರೀ ಸಹಿ ಹಾಕಿದ ಹಾಳೆಯನ್ನೂ ಕೊಳ್ಳಲು ಬಂದವನು ಲೆಕ್ಕಕ್ಕೆ ಇಡುವುದಿಲ್ಲ.

ಇದರ ಕೊರತೆ: ಹಣ ಮರಳುತ್ತದೆ, ಮನೆ ಮರಳುವುದಿಲ್ಲ. ಮತ್ತೊಂದು ಮನೆಗೆ ನೆಲ ಸಿಗುವುದೇ ಕಷ್ಟವಾದ ಜಾಗದಲ್ಲಿ ನೆಲಗಟ್ಟು ಹೇಳಿದ ದಾರಿಯೇ ಮೇಲು.

ಉತ್ತರ 3 – ಗಾರೆಕರಣೆ

ಶ್ರಮದಾನದ ಬಗ್ಗೆ. 1976ರಲ್ಲಿ ಶುರುವಾದ, ಮನೆ ಕಟ್ಟಿಕೊಡುವ ಸೇವಾಸಂಸ್ಥೆ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯಲ್ಲಿ ಮನೆ ಪಡೆಯುವವರೂ ಕಟ್ಟುವ ಕೆಲಸಕ್ಕೆ ಕೈ ಹಾಕಬೇಕು. ಒಳ್ಳೆಯ ನಿಯಮ, ಆದರೆ ದಿನಗೂಲಿಯವರಿಗೂ ಒಂಟಿ ತಾಯಂದಿರಿಗೂ ಶಿಕ್ಷೆಯಾಗಬಾರದು. ನೆಂಟರು, ಸ್ನೇಹಿತರು ಮಾಡಿದ ಗಂಟೆಗಳನ್ನೂ, ಲೆಕ್ಕ ಬರೆಯುವುದು, ಸಾಮಾನು ಕಾಯುವುದು ಮುಂತಾದ ಕೆಲಸವನ್ನೂ ಜಮೆ ಮಾಡಿ.

ಖರ್ಚು ಇಳಿಯುವುದು ಮಣ್ಣು ಅಗೆತ, ಸಾಗಣೆ, ಬಣ್ಣ, ಅಂಗಳದ ಕೆಲಸದಲ್ಲಿ. ಕಂಬಿ ಕಟ್ಟುವುದು, ಕಾಂಕ್ರೀಟ್ ಮಿಶ್ರಣದ ನೀರಿನ ಪ್ರಮಾಣ, ವೈರಿಂಗ್, ಕೊಳಾಯಿ ಇವು ಕಸುಬುದಾರರಿಗೇ ಇರಲಿ. ಸ್ವಯಂಸೇವಕರು ರಜೆಯ ದಿನ ಬಂದು ಹಾಕಿದ ಕಾಂಕ್ರೀಟಿಗೆ ಸೋಮವಾರದಿಂದ ನೀರುಣಿಸುವವರೇ ಇರುವುದಿಲ್ಲ. ಕನಿಷ್ಠ 7 ದಿನ ಒದ್ದೆಯಾಗಿ ಇಡದಿದ್ದರೆ ಮೇಲ್ಮೈ ಬಿರುಕು ಬಿಡುತ್ತದೆ, ಬಲವೂ ಕೂಡುವುದಿಲ್ಲ. ಅದಕ್ಕೆಂದೇ ಒಬ್ಬ ಕೂಲಿಯವನನ್ನು ಇಡಿ. ಉಳಿತಾಯದ ಹೆಸರಲ್ಲಿ ಅದನ್ನೂ ಬಿಟ್ಟರೆ ಆಮೇಲೆ ತೇಪೆಗೆ ಖರ್ಚು. ಪ್ರತಿ ಗುಂಪಿಗೂ ಸಂಬಳದ ಮೇಸ್ತ್ರಿ ಒಬ್ಬ, ಎಲ್ಲರಿಗೂ ಅಪಘಾತ ವಿಮೆ.

ಮನೆ ಕೈಗಿತ್ತ ಮೇಲಿನದನ್ನೂ ಈಗಲೇ ಯೋಚಿಸಿ. ಕಂತು, ತೆರಿಗೆ, ವಿಮೆ ಎಲ್ಲ ಸೇರಿ ಆದಾಯದ ಶೇ. 30 ದಾಟಬಾರದು ಅನ್ನುವುದು ರೂಢಿಯ ಅಳತೆ. ಕಟ್ಟಡದ ಬೆಲೆಯ ಶೇ. 1ರಷ್ಟು ವರ್ಷಕ್ಕೆ ದುರಸ್ತಿ ನಿಧಿಗೆ ಎತ್ತಿಡಬೇಕು. ಸೋರುವ ತಾರಸಿಯನ್ನು ಸರಿಮಾಡಿಸಲು ಕೈಸಾಲ ಮಾಡಿದವರು ಮುಂದಿನ ತಿಂಗಳು ಬ್ಯಾಂಕಿನ ಕಂತನ್ನೇ ತಪ್ಪಿಸುತ್ತಾರೆ.

ಹೊಸಿಲು

ಎಲ್ಲರಿಗೂ ಧನ್ಯವಾದ. ಇನ್ನೆರಡು: ಯಜಮಾನರು ತೀರಿಕೊಂಡರೆ? ಯಾರಿಗೆ ಕೊಡುವುದು ಅಂತ ಆರಿಸುವುದು ಹೇಗೆ?

ಉತ್ತರ 4 – ಜಮಾಖರ್ಚು

ಮೊದಲಿಂದಲೇ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಪತ್ರ ಮಾಡಿಸಿ. ವಾರಸುದಾರರು ಬಂದು ವಾಸ ಮಾಡಿದರೆ ಅದೇ ಷರತ್ತು ಮುಂದುವರಿಯಲಿ. ಇಲ್ಲವಾದರೆ ಕರಾರಿನ ಲೆಕ್ಕದಂತೆ ಬಂದ ಬೆಲೆಗೆ ಮಾರಿ ಹಣ ಅವರಿಗೆ. ಪೂರ್ತಿ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ ಅಂತಲೂ ಬರೆಯಿರಿ, ಕಾಯಿಲೆ ಅಥವಾ ಊರು ಬಿಡಬೇಕಾದ ಕೆಲಸಕ್ಕೆ ವರ್ಷದ ರಿಯಾಯಿತಿ ಇಟ್ಟು.

ಆಯ್ಕೆಗೆ ಮೂರೇ ಅಳತೆ: ಈಗಿನ ವಾಸದ ಕಷ್ಟ, ಕಂತು ಕಟ್ಟುವ ಶಕ್ತಿ, ಜೊತೆಗೂಡುವ ಮನಸ್ಸು. ಅರ್ಜಿ ಕರೆಯುವ ಮೊದಲೇ ಬರೆದು ಗೋಡೆಗೆ ಅಂಟಿಸಿ. ಅರ್ಹರು ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತಿ. ಸಮಿತಿಯವರ ನೆಂಟರ ಅರ್ಜಿ ಬಂದರೆ ಆ ಸದಸ್ಯರು ಹೊರಗೆ ಕೂರಬೇಕು. ದೊಡ್ಡ ದೇಣಿಗೆ ಕೊಟ್ಟವರು ‘ಈ ಮನೆ ಇಂಥವರಿಗೆ’ ಅಂದರೆ, ಆ ದೇಣಿಗೆಯನ್ನು ವಾಪಸ್ ಕಳಿಸಿ.