ಮೇಜರ್ ಸ್ಕೇಲಲ್ಲಿ ಆಗ್ಮೆಂಟೆಡ್ ಕಾರ್ಡ್ ಯಾಕೆ ಸಿಗಲ್ಲ?

ವಿರಾಜಪೇಟೆ ಕೀಬೋರ್ಡ್:
ಸಿ ಮೇಜರ್‌ನಲ್ಲಿ ಒಂದು ಸ್ವರ ಬಿಟ್ಟು ಒಂದು ಹಿಡಿದು ಏಳೂ ಕಾರ್ಡ್ ಕಟ್ಟಿ ನೋಡಿದೆ. ಬಿ ಮೇಲೆ ಬಿ-ಡಿ-ಎಫ್, ಅಂದರೆ ಡಿಮಿನಿಶ್ಡ್ ಬಂತು. ಆಗ್ಮೆಂಟೆಡ್ ಎಲ್ಲೂ ಇಲ್ಲ. ಅದು ಯಾವ ಸ್ಕೇಲಿನದು? ಇನ್ನೊಂದು, ಚರ್ಚ್ ಕಾಯರ್‌ನ ಗಿಟಾರಿನವರು ಆ ಜಾಗದಲ್ಲಿ ಬಿ ಮೈನರ್ ಹಿಡಿಯುತ್ತಾರೆ, ಕೇಳಲಿಕ್ಕೇ ಆಗಲ್ಲ.

ಮಡಿಕೇರಿ ಫ್ರೆಟ್:
ಬಿ ಮೈನರ್‌ನಲ್ಲಿರುವುದು ಎಫ್ ಶಾರ್ಪ್, ನೀವು ಒತ್ತುವುದು ಎಫ್. ಕಿವಿಗೆ ಚುಚ್ಚದೆ ಇನ್ನೇನು? ಅವರಿಗೆ ಜಿ ಸೆವೆಂತ್ ಹಿಡಿಯಲು ಹೇಳಿ. ಜಿ-ಬಿ-ಡಿ-ಎಫ್, ನಿಮ್ಮ ಬಿ ಡಿಮಿನಿಶ್ಡ್ ಪೂರ್ತಿ ಅದರೊಳಗೇ ಇದೆ.

ಆಗ್ಮೆಂಟೆಡ್‌ಗೆ ಮೇಜರ್ ಥರ್ಡ್ ಮೇಲೆ ಮತ್ತೊಂದು ಮೇಜರ್ ಥರ್ಡ್ ಬೇಕು, 4+4 ಸೆಮಿಟೋನ್ (ಕಪ್ಪು ಕೀ ಸೇರಿ ಪಕ್ಕಪಕ್ಕದ ಎರಡು ಕೀಗಳ ಅಂತರ). ಸಿ ಮೇಜರ್‌ನಲ್ಲಿ ಮೇಜರ್ ಥರ್ಡ್ ಸಿಗುವುದು ಸಿ, ಎಫ್, ಜಿ ಮೇಲೆ ಮಾತ್ರ. ಅಲ್ಲಿಂದ ತಲುಪುವ ಇ, ಎ, ಬಿ ಮೂರರ ಮೇಲೂ ಮೈನರ್ ಥರ್ಡೇ, ಅಂದರೆ 3 ಸೆಮಿಟೋನ್. ಹಾಗಾಗಿ ಎಷ್ಟು ಹುಡುಕಿದರೂ ಸಿಗಲ್ಲ.

ಎ ಹಾರ್ಮೋನಿಕ್ ಮೈನರ್ ತೆಗೆದುಕೊಳ್ಳಿ: ಎ ಬಿ ಸಿ ಡಿ ಇ ಎಫ್, ಕೊನೆಗೆ ಜಿ ಶಾರ್ಪ್. ಕರ್ನಾಟಕ ಸಂಗೀತ ಕಲಿತವರಿಗೆ ಇದು ಕೀರವಾಣಿ. ಮೂರನೇ ಸ್ವರದ ಮೇಲೆ ಕಟ್ಟಿ, ಸಿ-ಇ-ಜಿ ಶಾರ್ಪ್ ಬರುತ್ತದೆ, ಅದೇ ಆಗ್ಮೆಂಟೆಡ್. ಏಳನೆಯದರ ಮೇಲೆ ಜಿ ಶಾರ್ಪ್-ಬಿ-ಡಿ, ಡಿಮಿನಿಶ್ಡ್. ಎಫ್ ಕೂಡಿಸಿದರೆ ಡಿಮಿನಿಶ್ಡ್ ಸೆವೆಂತ್, 3+3+3. ಗಿಟಾರಿನಲ್ಲಿ ಡಿ ತಂತಿ ಖಾಲಿ, ಜಿ 1ನೇ ಫ್ರೆಟ್, ಬಿ ಖಾಲಿ, ಸಣ್ಣ ಇ 1ನೇ ಫ್ರೆಟ್. ದಪ್ಪ ತಂತಿ ಎರಡನ್ನೂ ಮುಟ್ಟಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಗಿಟಾರ್ ಉಬ್ಬಿ ತಂತಿ ಎತ್ತರವಾಗಿದ್ದರೆ ಒತ್ತಿದ ಸ್ವರ ಶಾರ್ಪ್ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ವಿರಾಜಪೇಟೆ ಕೀಬೋರ್ಡ್:
ಥ್ಯಾಂಕ್ಸ್ ಸರ್. ಸಿ ಡಿಮಿನಿಶ್ಡನ್ನು ಸಿ-ಡಿ ಶಾರ್ಪ್-ಎಫ್ ಶಾರ್ಪ್ ಅಂತ ಬರೆದರೆ ತಪ್ಪಾ? ಒತ್ತುವ ಕೀ ಅದೇ ಅಲ್ವಾ?

ಗೋಣಿಕೊಪ್ಪ ಪಿಯಾನೊ:
ಒತ್ತಲು ಅದೇ, ಬರೆಯಲು ತಪ್ಪು. ಥರ್ಡ್ ಅಂದ ಮೇಲೆ ಸಿ ಬಿಟ್ಟು ಇ, ಅದು ಬಿಟ್ಟು ಜಿ ಅಕ್ಷರವೇ ಬರಬೇಕು: ಸಿ, ಇ ಫ್ಲಾಟ್, ಜಿ ಫ್ಲಾಟ್. ಸೆವೆಂತ್ ಸೇರಿಸಿದರೆ ಬಿ ಡಬಲ್ ಫ್ಲಾಟ್. ಒತ್ತುವುದು ಎ ಕೀ ಆದರೂ.

ಆಗ್ಮೆಂಟೆಡ್ ಬಳಸಲು ಸುಲಭದ ಜಾಗ ಸಿ ಮತ್ತು ಎಫ್ ಕಾರ್ಡ್‌ಗಳ ನಡುವೆ: ಜಿ, ಜಿ ಶಾರ್ಪ್, ಎ ಅಂತ ಒಂದು ಸ್ವರ ಮೆಟ್ಟಿಲೇರುತ್ತದೆ. ಅರ್ಧ ಬಾರ್ ಸಾಕು. ಆಗ ಕಾಯರ್‌ನ ಆಲ್ಟೊದವರು (ಹೆಂಗಸರ ಕೆಳಗಿನ ದನಿ) ಜಿ ಹಿಡಿದೇ ನಿಂತರೆ ಕೆಡುತ್ತದೆ, ಅವರ ಹಾಳೆಯಲ್ಲೂ ಜಿ ಶಾರ್ಪ್ ಬರೆದುಕೊಡಿ.