ಒಂದೇ ಬೈಠಕ್ಕಿನಾಗ ಓದಬೇಕೋ, ಸಾವಕಾಶವೋ?

ಪ್ರಶ್ನೆ (ವಿಜಯಪುರ):
ಗ್ರಂಥಾಲಯದಿಂದ ಮೂರು ಪುಸ್ತಕ ತಂದೀನ್ರಿ: 400 ಪುಟದ ಕಾದಂಬರಿ, ಬಸವಣ್ಣನವರ ವಚನಗಳು, ರನ್ನನ ಗದಾಯುದ್ಧ. 15 ದಿನದಾಗ ಮರಳಿ ಕೊಡಬೇಕು. ಮೂರೂ ಸರಸರ ಓದಿ ಮುಗಿಸಲೇನ್ರಿ?

ಉತ್ತರ (ಬಾಗಲಕೋಟೆ):
ಕಾದಂಬರಿ ಮೊದಲ ಮುಗಿಸ್ರಿ. ತಾಸಿಗೆ 40 ಪುಟ ಹಿಡಿದ್ರ 10 ತಾಸು, ನಾಲ್ಕು ದಿನ ಸಾಕು. ಪಾತ್ರ ಭಾಳ ಇರೂ ಕಾದಂಬರಿ ನಡುವ ವಾರ ಬಿಟ್ರ ಯಾರು ಯಾರ ಮಗ ಅನ್ನೂದ ಮರೀತೈತಿ. ಹೆಸರೆಲ್ಲಾ ಒಂದು ಚೀಟಿಯಾಗ ಬರದು ಪುಸ್ತಕದಾಗ ಇಟ್ಕೊಳ್ರಿ.

ವಚನ ಮಾತ್ರ ಹಂಗ ಓದಬ್ಯಾಡ್ರಿ. ಒಮ್ಮೆಲೆ 50 ಓದಿದ್ರ ‘ಕೂಡಲಸಂಗಮದೇವಾ’ ಅನ್ನೂ ಅಂಕಿತ ಒಂದ ಕಿವ್ಯಾಗ ಉಳೀತೈತಿ, ಮಾತು ಜಾರಿ ಹೋಗತಾವು. ದಿನಕ್ಕ ಮೂರು ಸಾಕು. ಗಟ್ಟಿಯಾಗಿ ಓದ್ರಿ, ಮರುದಿನ ಪುಸ್ತಕ ಮುಚ್ಚಿ ನೆನಪಿಸಿಕೊಂಡು, ತಪ್ಪಿದ್ದು ನೋಡಿ, ಆಮ್ಯಾಲ ಹೊಸಾವು.

ಉತ್ತರ (ಮುಧೋಳ):
ರನ್ನ ನಮ್ಮೂರಿನ ಕವಿ, ದಯವಿಟ್ಟು ಅವಸರ ಮಾಡಬ್ಯಾಡ್ರಿ. ಗದಾಯುದ್ಧ 10 ಆಶ್ವಾಸದ (ಅಧ್ಯಾಯದ) ಚಂಪೂ, ಅಂದ್ರ ಗದ್ಯ-ಪದ್ಯ ಕೂಡಿದ ಹಳಗನ್ನಡ ಕಾವ್ಯ. ಸಂಧಿ ಬಿಡಿಸದ ಓದಿದ್ರ ಶಬ್ದ ಒಂದಕ್ಕೊಂದು ಅಂಟಿಕೊಂಡು ಅರ್ಥ ತಪ್ಪತೈತಿ. ಮೊದಲ ಗದ್ಯಾನುವಾದದಾಗ ಆ ಆಶ್ವಾಸದ ಕಥಿ ತಿಳಕೊಳ್ರಿ, ಆಮ್ಯಾಲ ಪದ್ಯ ಎರಡು ಸಲ ಗಟ್ಟಿಯಾಗಿ. ಪದ ಬಿಡಿಸಿ ನೋಟ್‌ಬುಕ್ಕಿನಾಗ ಬರೀರಿ, ಗ್ರಂಥಾಲಯದ ಪುಸ್ತಕದ ಮ್ಯಾಲಲ್ಲ. ತಾಸಿಗೆ 8–10 ಪದ್ಯ ಆದ್ರ ಚಲೋ ವೇಗ.

15 ದಿನದಾಗ ಮುಗಿಯೂದಿಲ್ಲ. ಈ ಸಲ ದುರ್ಯೋಧನ ರಣರಂಗದಾಗ ತನ್ನವರ ಹೆಣ ನೋಡಿ ಗೋಳಾಡೂ ಭಾಗ ಓದ್ರಿ, ಉಳಿದದ್ದಕ್ಕ ಪುಸ್ತಕ ಮತ್ತ ತರ್ರಿ.

ಪ್ರಶ್ನೆ ಕೇಳಿದವರು:
ಹಂಗಾದ್ರ ಮುಂಜಾನೆ ರನ್ನ, ರಾತ್ರಿ ಕಾದಂಬರಿ. ಭಾಳ ಉಪಕಾರ ಆತ್ರಿ.