ಘಾಟಿ ದಾರಿಯಲ್ಲಿ ಯಾವ ಗೇರ್, ಎಷ್ಟು ಆರ್‌ಪಿಎಂ? ಕೊಡಗಿನವರ ಅನುಭವ ಬೇಕಾಗಿದೆ

ಪ್ರಶ್ನೆ: ಮಡಿಕೇರಿಗೆ ಹೊಸದಾಗಿ ಬಂದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವಳು, ವರ್ಗವಾಗಿ ಮಡಿಕೇರಿಗೆ ಬಂದಿದ್ದೇನೆ. ನಮ್ಮದು 1.2 ಲೀಟರ್ ಪೆಟ್ರೋಲ್ ಎಂಜಿನ್‌ನ, ಐದು ಗೇರ್‌ಗಳ ಸಣ್ಣ ಕಾರು. ನಮ್ಮ ಕಡೆಯ ಸಪಾಟು ರಸ್ತೆಯಲ್ಲಿ ಆದಷ್ಟು ಬೇಗ ಮೇಲಿನ ಗೇರ್‌ಗೆ ಹೋಗಿ, ಎಂಜಿನ್ ಸದ್ದು ಮಾಡದಂತೆ ಓಡಿಸುವುದೇ ನನಗೆ ರೂಢಿ. ಇಲ್ಲಿ ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ನಾಲ್ಕನೇ ಗೇರ್‌ನಲ್ಲಿ ಗಾಡಿ ಎಳೆಯುವುದೇ ಇಲ್ಲ. ಎರಡಕ್ಕೋ ಮೂರಕ್ಕೋ ಇಳಿಸಿದರೆ ಎಂಜಿನ್ ಕೂಗುತ್ತದೆ. ಎಂಜಿನ್ ಹಾಳಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ ಎಂದು ಮನೆಯವರು ಹೇಳುತ್ತಾರೆ. ಇಳಿಯುವಾಗ ಮುಂದಿನ ಚಕ್ರಗಳ ಕಡೆಯಿಂದ ಸುಟ್ಟ ವಾಸನೆ ಬರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟಿದ್ದಾರೆ, ಆದರೆ ನನಗೆ ಧೈರ್ಯ ಬಂದಿಲ್ಲ. ಈ ದಾರಿಗಳಲ್ಲಿ ಓಡಿಸಿ ಪಳಗಿದವರು ದಯವಿಟ್ಟು ತಿಳಿಸಿಕೊಡಿ.

ಮಡಿಕೇರಿಯಿಂದ, ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕ

ನಿಮಗೆ ಧೈರ್ಯ ಬಾರದಿದ್ದದ್ದೇ ಒಳ್ಳೆಯದಾಯಿತು. ನ್ಯೂಟ್ರಲ್ ವಿಷಯವನ್ನು ಬೇರೆಯವರು ಹೇಳುತ್ತಾರೆ. ನಾನು ಏರಿನ ಲೆಕ್ಕವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಅರ್ಥವಾದರೆ ಎಂಜಿನ್ ಸದ್ದಿನ ಭಯ ತಾನಾಗಿಯೇ ಹೋಗುತ್ತದೆ.

ಎಂಜಿನ್ ಕೊಡುವ ಶಕ್ತಿಯು ಎರಡು ಸಂಗತಿಗಳನ್ನು ಅವಲಂಬಿಸಿದೆ: ಅದು ಎಷ್ಟು ಬಲದಿಂದ ತಿರುಗುತ್ತದೆ ಎಂಬುದು ಟಾರ್ಕ್, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಆರ್‌ಪಿಎಂ. ಇವೆರಡನ್ನೂ ಗುಣಿಸಿದಾಗ ಶಕ್ತಿ ಬರುತ್ತದೆ. ನಿಮ್ಮಂಥ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ನಾಲ್ಕನೇ ಗೇರ್‌ನಲ್ಲಿ ಎಂಜಿನ್ ಸುಮಾರು 1,500, ಮೂರರಲ್ಲಿ ಸುಮಾರು 2,000, ಎರಡರಲ್ಲಿ ಸುಮಾರು 3,000 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಕಾರಿನಿಂದ ಕಾರಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ಆದರೆ ಹೆಚ್ಚು ಕಡಿಮೆ ಹೀಗೆಯೇ ಇರುತ್ತವೆ.

ಈಗ ಜನರೂ ಸಾಮಾನೂ ಸೇರಿ 1,200 ಕಿಲೋ ತೂಗುವ ಕಾರು, ನೂರು ಮೀಟರ್‌ಗೆ ಎಂಟು ಮೀಟರ್ ಏರುವ ಜಾಗವನ್ನು ಅದೇ 40ರ ವೇಗದಲ್ಲಿ ಹತ್ತಬೇಕೆಂದು ಇಟ್ಟುಕೊಳ್ಳೋಣ. ಆ ತೂಕವನ್ನು ಮೇಲಕ್ಕೆತ್ತುವುದಕ್ಕೇ ಹತ್ತೂವರೆ ಕಿಲೋವ್ಯಾಟ್ ಬೇಕು. ಟೈರುಗಳ ಎಳೆತ ಸೇರಿದರೆ 12ರಿಂದ 13 ಆಗುತ್ತದೆ. 1,500 ಆರ್‌ಪಿಎಂನಲ್ಲಿ ನಿಮ್ಮ ಎಂಜಿನ್ 90 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೂ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸಿಗುವ ಶಕ್ತಿ ಬರೇ 14 ಕಿಲೋವ್ಯಾಟ್. ಅದರಲ್ಲೂ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ನೂರಕ್ಕೆ ಹತ್ತರಷ್ಟು ತೆಳುವಾಗಿರುವುದರಿಂದ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್‌ನ ಬಲವೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಹೀಗಾಗಿ ಘಾಟಿಯ ಮೇಲ್ಭಾಗಕ್ಕೆ ಬರುವಷ್ಟರಲ್ಲಿ ನಾಲ್ಕನೇ ಗೇರ್‌ನಲ್ಲಿ ಬೇಕಾದದ್ದಕ್ಕೂ ಇರುವುದಕ್ಕೂ ಸರಿಸಮವಾಗಿ, ಗಾಡಿ ಎಳೆಯದೆ ನಿಲ್ಲುತ್ತದೆ. ಅದು ಕಾರಿನ ದೋಷವಲ್ಲ. ಅದೇ ವೇಗದಲ್ಲಿ ಮೂರನೇ ಗೇರ್‌ಗೆ ಬಂದರೆ ಸುಮಾರು 18, ಎರಡನೇ ಗೇರ್‌ಗೆ ಬಂದರೆ ಸುಮಾರು 30 ಕಿಲೋವ್ಯಾಟ್ ನಿಮ್ಮ ಕಾಲಡಿಯಲ್ಲಿರುತ್ತದೆ.

ನಿಮ್ಮ ಮನೆಯವರ ಆತಂಕಕ್ಕೆ ಉತ್ತರ: ಇಂಥ ಎಂಜಿನ್‌ಗಳು ಅತಿ ಹೆಚ್ಚು ಟಾರ್ಕ್ ಕೊಡುವುದೇ ನಾಲ್ಕು ಸಾವಿರದ ಆಸುಪಾಸಿನಲ್ಲಿ, ಮೀಟರ್‌ನ ಕೆಂಪು ಗೆರೆ ಇರುವುದು ಆರು ಸಾವಿರದಿಂದಾಚೆಗೆ. 3,000 ಎಂದರೆ ಅದರ ಅರ್ಧದಷ್ಟೇ ಆಯಿತು. ನಿಜವಾದ ಹಾನಿ ಆಗುವುದು ಕಡಿಮೆ ಆರ್‌ಪಿಎಂನಲ್ಲಿ ಪೆಡಲನ್ನು ತಳಮುಟ್ಟ ಒತ್ತಿದಾಗ. ಆಗ ಎಂಜಿನ್ ಟಕಟಕ ಎಂದು ಬಡಿದುಕೊಳ್ಳುತ್ತದೆ, ಬೇರಿಂಗ್‌ಗಳ ಮೇಲೆ ಭಾರ ಹೆಚ್ಚಿ ನಡುವಿನ ಎಣ್ಣೆಯ ಪದರ ತೆಳುವಾಗುತ್ತದೆ, ನೀರಿನ ಪಂಪ್ ನಿಧಾನವಾಗಿ ತಿರುಗುವುದರಿಂದ ಶಾಖವೂ ಸರಿಯಾಗಿ ಹೊರಹೋಗುವುದಿಲ್ಲ.

ಸಂಪಾಜೆಯಿಂದ, ಟ್ಯಾಕ್ಸಿ ಚಾಲಕ

ಟೀಚರೇ, ಸರ್ ಹೇಳಿದ ಲೆಕ್ಕವನ್ನು ನಾವು ಕಾಲಿನಲ್ಲಿ ತಿಳಿಯುತ್ತೇವೆ. ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರೂ ವೇಗ ಹೆಚ್ಚದಿದ್ದರೆ ನೀವು ತಪ್ಪು ಗೇರ್‌ನಲ್ಲಿದ್ದೀರಿ ಎಂದೇ ಅರ್ಥ. ಆಗ ಮತ್ತೆ ಒತ್ತದೆ ಒಂದು ಗೇರ್ ಇಳಿಸಬೇಕು. ಅದಕ್ಕಿಂತಲೂ ಒಳ್ಳೆಯದು, ಗಾಡಿ ಸೋಲುವ ಮೊದಲೇ, ಏರು ಕಣ್ಣಿಗೆ ಕಂಡ ಕೂಡಲೇ ಇಳಿಸುವುದು.

ಹೇರ್‌ಪಿನ್ ತಿರುವಿನಲ್ಲಿ ಹೊಸಬರು ಸ್ಟಿಯರಿಂಗ್ ತಿರುಗಿಸುತ್ತಾ ಅರ್ಧದಲ್ಲಿ ಕ್ಲಚ್ ಒತ್ತುವುದನ್ನು ದಿನವೂ ನೋಡುತ್ತೇನೆ. ಏರಿನಲ್ಲಿ ಹಾಗೆ ಮಾಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಹಿಂದೆ ಬಸ್ಸು ಇರುತ್ತದೆ. ತಿರುವಿಗೆ ಮುಂಚೆ ರಸ್ತೆ ನೇರವಾಗಿರುವಾಗಲೇ ವೇಗ ಇಳಿಸಿ, ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ 2,000ದ ಮೇಲೆ ತಿರುಗುತ್ತಿರುವಂತೆ ನೋಡಿಕೊಂಡು, ಆಮೇಲೆ ಸ್ಟಿಯರಿಂಗ್ ತಿರುಗಿಸಿ. ತಿರುವಿನ ಉದ್ದಕ್ಕೂ ಆಕ್ಸಿಲರೇಟರ್ ಮೇಲೆ ಒಂದೇ ಸಮನೆ ಹಗುರವಾಗಿ ಕಾಲಿರಲಿ. ತಿರುವು ತೀರಾ ಚುರುಕಾಗಿದ್ದು ವೇಗ ಹತ್ತಕ್ಕೆ ಇಳಿದರೆ ಒಂದನೇ ಗೇರ್ ಹಾಕಲು ಸಂಕೋಚ ಬೇಡ.

ಇಳಿಯುವುದಕ್ಕೆ ಹಿಂದಿನಿಂದಲೂ ಇಲ್ಲಿನ ಡ್ರೈವರ್‌ಗಳು ಹೇಳುವ ಮಾತು, ಹತ್ತಿದ ಗೇರ್‌ನಲ್ಲೇ ಇಳಿಯಬೇಕು ಎಂಬುದು. ಮದೆನಾಡಿನಿಂದ ಜೋಡುಪಾಲದವರೆಗಿನ ಇಳಿಜಾರಿನಲ್ಲಿ ನಾನು ಹೆಚ್ಚಿನ ಪಾಲು ಮೂರರಲ್ಲಿ, ಕಡಿದಾದಲ್ಲಿ ಎರಡರಲ್ಲಿ ಇಳಿಸುತ್ತೇನೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಗಾಡಿ ತಾನಾಗಿಯೇ ಒಂದೇ ವೇಗದಲ್ಲಿ ಉಳಿದರೆ ಗೇರ್ ಸರಿಯಿದೆ. ವೇಗ ಏರುತ್ತಲೇ ಹೋದರೆ ಇನ್ನೊಂದು ಇಳಿಸಬೇಕು. ಬ್ರೇಕಿನ ಮೇಲೆ ಕಾಲನ್ನು ಸದಾ ಇಟ್ಟುಕೊಂಡಿರಬಾರದು. ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಆ ಬಿಟ್ಟ ಹೊತ್ತಿನಲ್ಲೇ ಬ್ರೇಕ್ ಆರುವುದು.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಸುತ್ತ ಗುಡ್ಡ ಜರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಂದಿಗೂ ಮಳೆಗಾಲದಲ್ಲಿ ತಿರುವಿನಾಚೆ ಮಣ್ಣೋ ಮರವೋ ಬಿದ್ದಿರಬಹುದು. ಅಂಥಲ್ಲಿ ದಿಢೀರನೆ ನಿಲ್ಲಿಸಬೇಕಾದಾಗ ಬ್ರೇಕ್ ತಣ್ಣಗಿರಬೇಕು.

ಮಡಿಕೇರಿಯ ನಿವೃತ್ತ ಉಪನ್ಯಾಸಕರಿಂದ ಮತ್ತೊಮ್ಮೆ

ಇದಕ್ಕೊಂದು ಲೆಕ್ಕ ಸೇರಿಸುತ್ತೇನೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಕಾರು ಸುಮಾರು ಒಂದು ಸಾವಿರ ಮೀಟರ್ ಕೆಳಗಿಳಿಯುತ್ತದೆ. 1,200 ಕಿಲೋ ಕಾರಿಗೆ ಅದು ಮೂರು ಯೂನಿಟ್ ವಿದ್ಯುತ್ತಿಗೂ ಮೀರಿದ ಶಕ್ತಿ, ಎಂದರೆ ಒಂದು ಸಾವಿರ ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಮೂರು ಗಂಟೆಗೂ ಹೆಚ್ಚು ಕಾದಷ್ಟು. ಟೈರು ಮತ್ತು ಗಾಳಿಯ ತಡೆಗೆ ಹೋಗುವ ಪಾಲನ್ನು ಕಳೆದರೆ, ಉಳಿದದ್ದು ಎಂಜಿನ್‌ಗೆ ಹೋಗಬೇಕು, ಇಲ್ಲವೇ ಬ್ರೇಕಿಗೆ ಹೋಗಬೇಕು. ಎಂಜಿನ್‌ಗೆ ಶಾಖವನ್ನು ಹೊರಹಾಕಲು ರೇಡಿಯೇಟರ್ ಇದೆ. ಬ್ರೇಕಿಗೆ ಬೀಸುವ ಗಾಳಿಯೊಂದೇ ಆಸರೆ.

ಶಿಕ್ಷಕಿಯಿಂದ ಮರುಪ್ರಶ್ನೆ

ತುಂಬಾ ಉಪಕಾರವಾಯಿತು. ಎಂಜಿನ್‌ನಿಂದ ತಡೆಯುತ್ತಾ ಇಳಿದರೆ ಆರ್‌ಪಿಎಂ 3,000ಕ್ಕೆ ಹೋಗುತ್ತದೆಯಲ್ಲ, ಆಗ ಪೆಟ್ರೋಲ್ ಹೆಚ್ಚು ಉರಿಯುವುದಿಲ್ಲವೇ? ಸುಟ್ಟ ವಾಸನೆ ಬಂದ ಬ್ರೇಕನ್ನು ಬದಲಿಸಬೇಕೇ?

ಕುಶಾಲನಗರದಿಂದ, ಗ್ಯಾರೇಜ್ ನಡೆಸುವವರು

ಉರಿಯುವುದಿಲ್ಲ ಮೇಡಂ, ಮತ್ತು ಇದನ್ನು ಎಲ್ಲರೂ ತಿಳಿದುಕೊಳ್ಳಬೇಕೆಂದು ನನ್ನ ಆಸೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಇಂಧನವನ್ನು ಸಿಂಪಡಿಸುವುದು ಇಂಜೆಕ್ಟರ್‌ಗಳು. ಗಾಡಿ ಗೇರ್‌ನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಕಾಲನ್ನು ಪೂರ್ತಿ ತೆಗೆದಾಗ, ಚಕ್ರಗಳೇ ಎಂಜಿನ್ ತಿರುಗಿಸುತ್ತಿವೆ ಎಂಬುದನ್ನು ಕಾರಿನ ಕಂಪ್ಯೂಟರ್ ಗುರುತಿಸಿ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ಆರ್‌ಪಿಎಂ ಇಳಿದು ಐಡ್ಲಿಂಗ್ ಹತ್ತಿರಕ್ಕೆ ಬಂದಾಗ ಮಾತ್ರ ಮತ್ತೆ ಶುರುವಾಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆಫ್ ಆಗದಂತೆ ನೋಡಿಕೊಳ್ಳಲು ಪೆಟ್ರೋಲ್ ಉರಿಯುತ್ತಲೇ ಇರಬೇಕು. ನ್ಯೂಟ್ರಲ್‌ನಲ್ಲಿ ಉಳಿತಾಯ ಎಂಬುದು ಕಾರ್ಬ್ಯುರೇಟರ್ ಕಾಲದ ಮಾತು. ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಪ್ರಾಣಕ್ಕೆ ಅಪಾಯ: ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರ್‌ನ ಸಹಾಯ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಸ್ಟಿಯರಿಂಗ್ ಲಾಕ್ ಕೂಡ ಆಗಬಹುದು.

ಒಂದೇ ಒಂದು ಎಚ್ಚರಿಕೆ. ಮೇಲಿನ ಲೆಕ್ಕದ ಪ್ರಕಾರ ಎರಡನೇ ಗೇರ್‌ನಲ್ಲಿ 40ಕ್ಕೆ 3,000 ಆದರೆ 80ಕ್ಕೆ 6,000 ಆಗುತ್ತದೆ. ಆದ್ದರಿಂದ ವೇಗವಾಗಿ ಇಳಿಯುತ್ತಿರುವಾಗ ನಾಲ್ಕರಿಂದ ನೇರವಾಗಿ ಎರಡಕ್ಕೆ ಹಾಕಬೇಡಿ. ಕಾಲು ಹೆಚ್ಚಾಗಿ ಒತ್ತಿ ಎಂಜಿನ್ ಮಿತಿ ಮೀರಿದರೆ ಕಂಪ್ಯೂಟರ್ ಪೆಟ್ರೋಲ್ ತಡೆದು ಕಾಪಾಡುತ್ತದೆ, ಆದರೆ ಚಕ್ರಗಳೇ ಎಂಜಿನ್ನನ್ನು ಓಡಿಸಿದಾಗ ಅದನ್ನು ತಡೆಯುವವರು ಯಾರೂ ಇಲ್ಲ. ಮೊದಲು ಬ್ರೇಕ್‌ನಿಂದ ವೇಗ ಇಳಿಸಿ, ಆಮೇಲೆ ಒಂದೊಂದಾಗಿ ಗೇರ್ ಇಳಿಸಿ.

ಸುಟ್ಟ ವಾಸನೆ ಬಂದಿದೆಯೆಂದರೆ ಪ್ಯಾಡ್‌ಗಳನ್ನು ಬಿಚ್ಚಿ ನೋಡಿಸಲೇಬೇಕು, ಅದರ ಜೊತೆಗೆ ಬ್ರೇಕ್ ಆಯಿಲನ್ನೂ ವಿಚಾರಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯಬಾರದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದ ಹಳೆಯದಕ್ಕೆ 155 ಡಿಗ್ರಿ ಸಾಕು. ಡಾಟ್ 3ರಲ್ಲಿ ಇವು 205 ಮತ್ತು 140. ಕುದಿದು ಗುಳ್ಳೆ ಬಂದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ದಾರಿಯಲ್ಲಿ ವಾಸನೆ ಬಂದರೆ ಬದಿಗೆ ನಿಲ್ಲಿಸಿ ತಾನಾಗಿ ಆರಲು ಬಿಡಿ. ಕಾದ ಡಿಸ್ಕ್‌ಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ.

ವಿರಾಜಪೇಟೆಯಿಂದ, ದಾದಿ

ನನ್ನದು ಎಎಂಟಿ ಕಾರು, ಎಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸಿಕೊಳ್ಳುವಂಥದ್ದು; ತಿಂಗಳಿಗೆ ಕೆಲವು ಬಾರಿ ಮಾಕುಟ್ಟ ದಾರಿಯಲ್ಲಿ ಇರಿಟ್ಟಿಗೆ ಹೋಗುತ್ತೇನೆ. ಆಟೋಮ್ಯಾಟಿಕ್ ಗಾಡಿಯವರಿಗೆ ಗೇರಿನ ಚಿಂತೆ ಇಲ್ಲ ಎನ್ನುವುದು ಘಾಟಿಯಲ್ಲಿ ನಡೆಯುವುದಿಲ್ಲ. ತಿರುವಿಗೆ ಮುಂಚೆ ಕಾಲು ತೆಗೆದ ಕೂಡಲೇ ಗಾಡಿ ತಾನಾಗಿ ಮೇಲಿನ ಗೇರ್‌ಗೆ ಹೋಗಿಬಿಡುತ್ತದೆ, ಅಲ್ಲಿಂದ ಹೊರಬರುವಾಗ ಎಳೆತವಿರುವುದಿಲ್ಲ. ಅದಕ್ಕೆ ಘಾಟಿ ಶುರುವಾಗುವ ಮೊದಲೇ ಎಂ ಎಂಬ ಮ್ಯಾನುವಲ್ ಸ್ಥಾನಕ್ಕೆ ಹಾಕಿ, ಹತ್ತುವಾಗಲೂ ಇಳಿಯುವಾಗಲೂ ಎರಡು ಮೂರರಲ್ಲೇ ಹಿಡಿದಿಡುತ್ತೇನೆ.

ಭಾಗಮಂಡಲದ ಕಡೆಯಿಂದ, ಕಾಫಿ ಬೆಳೆಗಾರ

ಅಕ್ಕ, ಮಳೆಗಾಲದ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಜೂನ್ ನಂತರ ಮರದ ನೆರಳಿರುವ ರಸ್ತೆಗಳಲ್ಲಿ ಪಾಚಿಯೂ ಕೊಳೆತ ಎಲೆಯೂ ಸೇರಿ ಸಾಬೂನು ಬಳಿದಂತೆ ಇರುತ್ತದೆ. ಅಲ್ಲಿ ಗೇರ್ ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಎಂಜಿನ್‌ನ ತಡೆ ಒಮ್ಮೆಲೇ ಮುಂದಿನ ಚಕ್ರಗಳಿಗೆ ಬಿದ್ದು ಅವು ಜಾರುತ್ತವೆ. ಬ್ರೇಕ್ ಒತ್ತಿದಾಗ ಚಕ್ರಗಳು ತಿರುಗದೆ ನಿಂತುಬಿಡದಂತೆ ನೋಡಿಕೊಳ್ಳುವ ಎಬಿಎಸ್, ಬ್ರೇಕಿನ ಒತ್ತಡವನ್ನು ಮಾತ್ರ ಸಡಿಲಿಸಬಲ್ಲದು, ಎಂಜಿನ್‌ನ ತಡೆಯನ್ನಲ್ಲ. ಗೇರ್ ಇಳಿಸುವಾಗ ಕ್ಲಚ್ ಒತ್ತಿದ ಹೊತ್ತಿನಲ್ಲೇ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಆರ್‌ಪಿಎಂ ಏರಿಸಿಕೊಂಡು, ಆಮೇಲೆ ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಗಾಡಿ ಜಗ್ಗುವುದಿಲ್ಲ. ಮಂಜು ಕವಿದಾಗಲೂ ಎರಡನೇ ಗೇರ್ ಒಳ್ಳೆಯದು.

ತೋಟದ ಮಣ್ಣು ದಾರಿಯ ಏರಿನಲ್ಲಿ ನಡುವೆ ಗೇರ್ ಬದಲಿಸಲು ಹೋಗಬಾರದು. ಕೆಳಗಿನಿಂದಲೇ ಒಂದನೇ ಗೇರ್ ಹಿಡಿದು, ಚಕ್ರ ಗಿರಗಿರನೆ ಸುತ್ತದಷ್ಟು ಆರ್‌ಪಿಎಂನಲ್ಲಿ ಸಮನಾಗಿ ಹತ್ತಿಬಿಡಬೇಕು. ನಮ್ಮ ಮನೆಯಲ್ಲಿ 1.3 ಲೀಟರ್‌ನ ಟರ್ಬೊ ಡೀಸೆಲ್ ಕಾರೂ ಇದೆ. ಅದರ ಪೂರ್ತಿ ಟಾರ್ಕ್ 2,000ದ ಹತ್ತಿರವೇ ಸಿಗುತ್ತದೆ, 4,000ದಿಂದಾಚೆಗೆ ಎಳೆದು ಏನೂ ಪ್ರಯೋಜನವಿಲ್ಲ. ಆದರೆ 1,500ಕ್ಕಿಂತ ಕೆಳಗಿಳಿದರೆ ಟರ್ಬೊ ಕೆಲಸ ಮಾಡದೆ ಗಾಡಿ ಸತ್ತಂತಾಗುತ್ತದೆ. ಡೀಸೆಲ್‌ಗೆ ಬಲ ಹೆಚ್ಚು ಎಂದು ನಂಬಿ ಮೇಲಿನ ಗೇರ್‌ನಲ್ಲೇ ಏರಲು ಹೊರಟವರು ಹಾಫ್ ಕ್ಲಚ್‌ನಲ್ಲಿ (ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು) ಸರಿದೂಗಿಸಲು ಹೋಗಿ ಕ್ಲಚ್ ಪ್ಲೇಟ್ ಸುಡುತ್ತಾರೆ.

ಶಿಕ್ಷಕಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು: ಏರಿನ ನಡುವೆ ಬಸ್ಸಿಗಾಗಿ ನಿಲ್ಲಿಸಿದರೆ, ಮತ್ತೆ ಹೊರಡುವಾಗ ಗಾಡಿ ಹಿಂದಕ್ಕೆ ಬರುತ್ತದೆ. ಏನು ಮಾಡಲಿ?

ಸಂಪಾಜೆಯ ಟ್ಯಾಕ್ಸಿ ಚಾಲಕರಿಂದ

ಮೊದಲನೆಯದಾಗಿ, ದಾರಿ ಕಿರಿದಾದಲ್ಲಿ ಹತ್ತುವ ಗಾಡಿಗೇ ದಾರಿ ಬಿಡಬೇಕೆಂದು ನಿಯಮವೇ ಇದೆ, ಆದ್ದರಿಂದ ಗಾಬರಿಯಾಗಿ ಹಿಂದೆ ಸರಿಯಬೇಡಿ. ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ. ಹೊರಡುವಾಗ ಒಂದನೇ ಗೇರ್ ಹಾಕಿ, ಎಂಜಿನ್ 1,500ರಿಂದ 2,000ದವರೆಗೆ ಏರಿದ ಮೇಲೆ ಕ್ಲಚ್ಚನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಬನ್ನಿ. ಬಾನೆಟ್ ತುಸು ಮೇಲೆದ್ದಂತಾಗಿ ಎಂಜಿನ್ ಸದ್ದು ತಗ್ಗಿದಾಗ ಕ್ಲಚ್ ಹಿಡಿಯಿತು ಎಂದು ತಿಳಿಯಿರಿ, ಆಗ ಹ್ಯಾಂಡ್‌ಬ್ರೇಕ್ ಬಿಡಿ. ಮಡಿಕೇರಿ ಪೇಟೆಯ ಇಳಿಜಾರುಗಳಲ್ಲಿ ಗಾಡಿ ಬಿಟ್ಟು ಹೋಗುವಾಗ ಹ್ಯಾಂಡ್‌ಬ್ರೇಕನ್ನೊಂದೇ ನಂಬದೆ, ಮೂತಿ ಮೇಲಕ್ಕಿದ್ದರೆ ಒಂದನೇ ಗೇರ್, ಕೆಳಕ್ಕಿದ್ದರೆ ರಿವರ್ಸ್ ಗೇರ್ ಹಾಕಿಡಿ.